ಬರ್ಗಂಡಿಯ ಬಿಳಿ ವೈನ್ ಸವಿಯುವ ಬಗೆ: ಲೇಬಲ್‌ನಿಂದ ಎರಡನೆಯ ದಿನದ ಗ್ಲಾಸಿನವರೆಗೆ

ಪೂರ್ವ ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬಿಳಿ ವೈನ್ ಎಂದರೆ ಹೆಚ್ಚುಕಡಿಮೆ ಒಂದೇ ದ್ರಾಕ್ಷಿ: ಶಾರ್ದೊನೆ. ಅಲಿಗೊತೆ ಎಂಬ ಇನ್ನೊಂದು ತಳಿ ಅಲ್ಲಲ್ಲಿ ಬೆಳೆಯುತ್ತದಾದರೂ ಹೆಸರಾಂತ ಬಾಟಲಿಗಳೆಲ್ಲ ಶಾರ್ದೊನೆಯವೇ. ಹೀಗಿದ್ದೂ ಒಂದೇ ಇಳಿಜಾರಿನಲ್ಲಿ ನೂರು ಹೆಜ್ಜೆ ಅಂತರದಲ್ಲಿರುವ ಎರಡು ತಾಕುಗಳ ವೈನ್‌ಗಳು ರುಚಿಯಲ್ಲಾಗಲಿ ಬೆಲೆಯಲ್ಲಾಗಲಿ ಒಂದನ್ನೊಂದು ಹೋಲದೆ ಇರಬಹುದು. ತಳಿ ಒಂದೇ ಆಗಿದ್ದು ನೆಲ ಮಾತ್ರ ಬೇರೆಯಾದಾಗ ಏನಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾಲಗೆಗೆ ತಿಳಿಸುವ ಪಾನೀಯವನ್ನು ನಾನು ಬೇರೆ ಕಂಡಿಲ್ಲ. ಈ ವೈನ್‌ಗಳ ಆಕರ್ಷಣೆಯೆಲ್ಲ ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ಆದರೆ ಹಣ ಕೊಟ್ಟು ಒಳ್ಳೆಯ ಬಾಟಲಿ ತಂದವರಲ್ಲಿ ಅನೇಕರಿಗೆ ಈ ಅನುಭವ ದಕ್ಕುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ವೈನನ್ನು ನಾಲಗೆ ಮರಗಟ್ಟುವಷ್ಟು ತಣ್ಣಗೆ ಕುಡಿಯುವುದು; ಇನ್ನೊಂದು, ಹೋಲಿಸಿ ನೋಡಲು ಪಕ್ಕದಲ್ಲಿ ಮತ್ತೊಂದು ಗ್ಲಾಸ್ ಇಲ್ಲದಿರುವುದು. ಮುಂದಿನ ಹೆಜ್ಜೆಗಳನ್ನು ಈ ಎರಡೂ ಕೊರತೆಗಳನ್ನು ನೀಗಿಸುವ ಉದ್ದೇಶದಿಂದ ಬರೆದಿದ್ದೇನೆ.

ಮೊದಲ ಹೆಜ್ಜೆ: ಲೇಬಲ್ ಓದುವುದನ್ನು ಕಲಿಯಿರಿ

ಬರ್ಗಂಡಿಯ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರನ್ನು ಹುಡುಕಬೇಡಿ. ಬಹುಪಾಲು ಬಾಟಲಿಗಳಲ್ಲಿ ಅದು ಇರುವುದಿಲ್ಲ. ಅಲ್ಲಿರುವುದು ಊರಿನ ಹೆಸರು, ಇಲ್ಲವೇ ತೋಟದ ಹೆಸರು. 1935ರಲ್ಲಿ ಫ್ರಾನ್ಸ್ ಜಾರಿಗೆ ತಂದ ಮೂಲಸ್ಥಾನ ನಿಯಂತ್ರಣ ವ್ಯವಸ್ಥೆಯ ಪ್ರಕಾರ ಯಾವ ಊರಿನ ಹೆಸರನ್ನು ಯಾರು ಬಳಸಬಹುದು, ಅಲ್ಲಿ ಯಾವ ತಳಿ ಬೆಳೆಯಬೇಕು, ಹೆಕ್ಟೇರಿಗೆ ಹೆಚ್ಚೆಂದರೆ ಎಷ್ಟು ಇಳುವರಿ ತೆಗೆಯಬಹುದು ಎಂಬುದೆಲ್ಲ ಕಾನೂನಿನಲ್ಲಿಯೇ ನಿಗದಿಯಾಗಿದೆ. ಆದ್ದರಿಂದ ಬಾಟಲಿಯ ಮೇಲೆ ‘ಮೊರ್ಸೋ’ ಎಂಬ ಊರಿನ ಹೆಸರಿದ್ದು ಒಳಗೆ ಬಿಳಿ ವೈನ್ ಇದ್ದರೆ ಅದು ಶಾರ್ದೊನೆ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಹೆಸರುಗಳಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ಇಡೀ ಸೀಮೆಯ ಹೆಸರು ಹೊತ್ತ ‘ಬೂರ್ಗೋನ್ಯ್ ಬ್ಲಾಂ’. ಇದರ ದ್ರಾಕ್ಷಿ ಸೀಮೆಯ ಯಾವ ಭಾಗದಿಂದಲಾದರೂ ಬಂದಿರಬಹುದು. ಅದರ ಮೇಲಿನದು ಒಂದು ಊರಿನ ಹೆಸರು. ಮೂರನೆಯದರಲ್ಲಿ ಊರಿನ ಹೆಸರಿನ ಜೊತೆಗೆ ‘ಪ್ರಮಿಯೆ ಕ್ರು’ ಎಂದೂ, ಹೆಚ್ಚಿನ ವೇಳೆ ತೋಟದ ಹೆಸರೂ ಇರುತ್ತದೆ. ತುದಿಯ ಮೆಟ್ಟಿಲು ‘ಗ್ರಾಂ ಕ್ರು’. ಇಡೀ ಬರ್ಗಂಡಿಯ ಉತ್ಪಾದನೆಯಲ್ಲಿ ಇದರ ಪಾಲು ಶೇಕಡಾ ಒಂದರ ಆಸುಪಾಸು ಮಾತ್ರ. ಮೊರ್ಸೋ ಊರಿರುವ ಕೋತ್ ದೋರ್ ಭಾಗದ ಗ್ರಾಂ ಕ್ರು ಬಾಟಲಿಯ ಮೇಲೆ ಊರಿನ ಹೆಸರೂ ಇರುವುದಿಲ್ಲ, ತೋಟದ ಹೆಸರೇ ಸಾಕಾಗುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ‘ಮೊಂರಾಶೆ’ ಎಂಬುದು ಸುಮಾರು 8 ಹೆಕ್ಟೇರಿನ ಒಂದು ಗ್ರಾಂ ಕ್ರು ತೋಟ. ಬರೆಯುವಾಗ ನಡುವೆ ಒಂದು ‘ತ’ಕಾರ ಇದ್ದರೂ ಅಲ್ಲಿಯವರು ಅದನ್ನು ಉಚ್ಚರಿಸುವುದಿಲ್ಲ. ಈ ತೋಟ ಪುಲಿನ್ಯಿ ಮತ್ತು ಶಸಾನ್ಯ್ ಎಂಬ ಎರಡು ಊರುಗಳ ಗಡಿಯ ಮೇಲೆ ಹರಡಿಕೊಂಡಿದೆ. 1879ರಲ್ಲಿ ಎರಡೂ ಊರಿನವರು ತೋಟದ ಕೀರ್ತಿಯನ್ನು ತಮ್ಮ ಊರಿನ ಹೆಸರಿಗೇ ಸೇರಿಸಿಕೊಂಡು ಪುಲಿನ್ಯಿ-ಮೊಂರಾಶೆ, ಶಸಾನ್ಯ್-ಮೊಂರಾಶೆ ಎಂದು ಕರೆದುಕೊಂಡರು. ಹೀಗಾಗಿ ‘ಪುಲಿನ್ಯಿ-ಮೊಂರಾಶೆ’ ಎಂದಿರುವ ಬಾಟಲಿ ಆ ಊರಿನ ವೈನ್ ಆಗಿರುತ್ತದೆಯೇ ಹೊರತು ಆ ತೋಟದ್ದಲ್ಲ. ಇವೆರಡರ ಬೆಲೆಯ ನಡುವೆ ಹಲವು ಪಟ್ಟು ವ್ಯತ್ಯಾಸವಿದೆ.

ತೋಟದಷ್ಟೇ ಮುಖ್ಯವಾದದ್ದು ವೈನ್ ಮಾಡಿದವರ ಹೆಸರು. ಫ್ರಾನ್ಸಿನ ಉತ್ತರಾಧಿಕಾರದ ಕಾನೂನು ಆಸ್ತಿಯನ್ನು ಮಕ್ಕಳೆಲ್ಲರಿಗೂ ಹಂಚುವುದರಿಂದ ಇಲ್ಲಿಯ ತೋಟಗಳು ತಲೆಮಾರಿನಿಂದ ತಲೆಮಾರಿಗೆ ಸೀಳುತ್ತ ಬಂದಿವೆ. 8 ಹೆಕ್ಟೇರಿನ ಮೊಂರಾಶೆಗೇ ಹದಿನೈದಕ್ಕೂ ಹೆಚ್ಚು ಒಡೆಯರಿದ್ದಾರೆ, ಕೆಲವರ ಪಾಲಿಗೆ ನಾಲ್ಕಾರು ಸಾಲು ಬಳ್ಳಿಗಳಷ್ಟೇ ಇವೆ. ಒಂದೇ ಹೆಸರಿನ ತೋಟದಿಂದ ಒಬ್ಬರು ಅದ್ಭುತವಾದ ವೈನನ್ನೂ ಇನ್ನೊಬ್ಬರು ಸಾಧಾರಣವಾದದ್ದನ್ನೂ ಮಾಡಬಹುದು. ಸ್ವಂತ ತೋಟದ ದ್ರಾಕ್ಷಿಯಿಂದ ತಾವೇ ವೈನ್ ಮಾಡುವವರನ್ನು ‘ದೊಮೇನ್’ ಎನ್ನುತ್ತಾರೆ. ಪುಲಿನ್ಯಿಯ ಲಫ್ಲೇವ್, ಮೊರ್ಸೋದ ರೂಲೋ, ಶಾಬ್ಲಿ ಎಂಬ ಊರಿನ ರಾವನೋ ಮತ್ತು ದೋವಿಸಾ ಈ ಸಾಲಿನ ದೊಡ್ಡ ಹೆಸರುಗಳು. ಬೆಳೆಗಾರರಿಂದ ದ್ರಾಕ್ಷಿಯನ್ನೋ ವೈನನ್ನೋ ಕೊಂಡು ತಮ್ಮ ಹೆಸರಿನಲ್ಲಿ ಮಾರುವ ವರ್ತಕ ಸಂಸ್ಥೆಗಳೂ ಇವೆ. ಬೋನ್ ಪಟ್ಟಣದ ಲೂಯಿ ಜಾದೋ ಮತ್ತು ಜೋಸೆಫ್ ದ್ರುಎಂ ಅಂಥವು, ಇವರಿಗೆ ಸ್ವಂತ ತೋಟಗಳೂ ಇವೆ. ಮೊದಲ ಬಾಟಲಿಗೆ ಇಂತಹ ಸಂಸ್ಥೆಯ ಊರುಮಟ್ಟದ ವೈನ್ ಒಳ್ಳೆಯ ಆಯ್ಕೆ, ಏಕೆಂದರೆ ಭಾರತದಲ್ಲೂ ಹೊರಗೂ ಹುಡುಕಿದರೆ ಸಿಗುವ ಸಾಧ್ಯತೆ ಇವಕ್ಕೇ ಹೆಚ್ಚು.

ಎರಡನೆಯ ಹೆಜ್ಜೆ: ಮೂರು ನೆಲಗಳನ್ನು ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಿ

ಬರ್ಗಂಡಿಯ ತಾಕುಗಳಿಗೆ ಅಲ್ಲಿಯವರು ‘ಕ್ಲಿಮಾ’ ಎನ್ನುತ್ತಾರೆ. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸಿಸ್ಟರ್ಶಿಯನ್ ಸಂನ್ಯಾಸಿಗಳೂ ಅವರಂಥ ಇತರ ಮಠದವರೂ ಶತಮಾನಗಳ ಕಾಲ ಒಂದೊಂದು ತಾಕಿನ ಗುಣವನ್ನು ಗಮನಿಸುತ್ತ, ಕೆಲವಕ್ಕೆ ಕಲ್ಲಿನ ಗೋಡೆ ಕಟ್ಟುತ್ತ ಈ ವಿಭಜನೆಗೆ ತಳಹದಿ ಹಾಕಿದರು. 2015ರಲ್ಲಿ ಯುನೆಸ್ಕೊ ಬರ್ಗಂಡಿಯ ಕ್ಲಿಮಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಸಾವಿರಕ್ಕೂ ಹೆಚ್ಚು. ಎಲ್ಲವನ್ನೂ ಕಲಿಯುವ ಅಗತ್ಯವಿಲ್ಲ. ಆರಂಭಕ್ಕೆ ಮೂರು ಊರುಗಳ ನೆಲ ತಿಳಿದರೆ ಸಾಕು.

ಶಾಬ್ಲಿ ಎಲ್ಲಕ್ಕಿಂತ ಉತ್ತರದ್ದು. ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿ, ಸರೆಂ ನದಿಯ ಎರಡೂ ದಂಡೆಗಳ ಗುಡ್ಡಗಳ ಮೇಲಿದೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಆ ಕಾಲದ ಅಲ್ಪವಿರಾಮದಾಕಾರದ ಪುಟ್ಟ ಸಿಂಪಿಗಳು ಇಂದಿಗೂ ಸುಣ್ಣಕಲ್ಲಿನಲ್ಲಿ ಹುದುಗಿಕೊಂಡು ತೋಟದ ಮಣ್ಣಿನಲ್ಲಿ ಕಣ್ಣಿಗೆ ಬೀಳುತ್ತವೆ. ಈ ಪದರಕ್ಕೆ ಕಿಮ್ಮರಿಡ್ಜಿಯನ್ ಎಂದು ಹೆಸರು. ಚಳಿ ಹೆಚ್ಚಾದ್ದರಿಂದ ದ್ರಾಕ್ಷಿ ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ. ಶಾಬ್ಲಿಯ ಬಹುಪಾಲು ವೈನ್ ಉಕ್ಕಿನ ತೊಟ್ಟಿಗಳಲ್ಲಿ ಹುದುಗುವುದರಿಂದ ಮರದ ಘಮ ಅದಕ್ಕೆ ತಾಗುವುದಿಲ್ಲ. ನಿಂಬೆ, ಹಸಿರು ಸೇಬು, ಒದ್ದೆಯಾದ ಸುಣ್ಣಕಲ್ಲು, ಚಕಮಕಿ ಕಲ್ಲು ತಿಕ್ಕಿದಾಗ ಏಳುವ ವಾಸನೆ: ಶಾಬ್ಲಿಯನ್ನು ವಿವರಿಸುವವರೆಲ್ಲ ಬಳಸುವ ಮಾತುಗಳು ಇವು. ಬಳ್ಳಿಯ ಬೇರು ಕಲ್ಲಿನ ರುಚಿಯನ್ನು ನೇರವಾಗಿ ಹೀರಿ ವೈನಿಗೆ ತರುತ್ತದೆ ಎಂಬುದು ನಿಜವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನೀರು ಬಸಿದುಹೋಗುವ ರೀತಿ, ಬಿಸಿಲು, ಮಾಗುವ ವೇಗ, ಹುಳಿಯ ಪ್ರಮಾಣ, ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳು, ಇವೆಲ್ಲ ಸೇರಿ ನಮಗೆ ಕಲ್ಲಿನ ನೆನಪನ್ನು ತರುತ್ತವೆ.

ಶಾಬ್ಲಿಯಲ್ಲಿಯೂ ನಾಲ್ಕು ಮೆಟ್ಟಿಲುಗಳಿವೆ: ಪೆತಿ ಶಾಬ್ಲಿ, ಶಾಬ್ಲಿ, ಪ್ರಮಿಯೆ ಕ್ರು, ಗ್ರಾಂ ಕ್ರು. ಊರಿನ ಎದುರಿಗೆ ನೈಋತ್ಯಕ್ಕೆ ಮುಖ ಮಾಡಿದ ಒಂದೇ ಗುಡ್ಡದ ಮೇಲೆ ಏಳು ಗ್ರಾಂ ಕ್ರು ತಾಕುಗಳು ಸಾಲಾಗಿವೆ, ಅವುಗಳಲ್ಲಿ ಹೆಚ್ಚು ಹೆಸರಾದದ್ದು ‘ಲೆ ಕ್ಲೋ’. ಪ್ರಮಿಯೆ ಕ್ರುಗಳಲ್ಲಿ ‘ಮೊಂತೆ ದ ತೊನೇರ್’ ಕೊಟ್ಟ ಬೆಲೆಗೆ ಅತ್ಯಂತ ನ್ಯಾಯ ಒದಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊರ್ಸೋ ಮತ್ತು ಪುಲಿನ್ಯಿ ಶಾಬ್ಲಿಯಿಂದ ದಕ್ಷಿಣಕ್ಕೆ, ಬೋನ್ ಪಟ್ಟಣದ ಬಳಿಯ ‘ಕೋತ್ ದ ಬೋನ್’ ಇಳಿಜಾರಿನಲ್ಲಿ ಅಕ್ಕಪಕ್ಕದಲ್ಲಿರುವ ಊರುಗಳು. ಮೊರ್ಸೋಗೆ ಒಂದೂ ಗ್ರಾಂ ಕ್ರು ಇಲ್ಲ. ಆದರೂ ಪೆರಿಯೇರ್, ಜನವ್ರಿಯೇರ್, ಶಾರ್ಮ್ ಎಂಬ ಅದರ ಮೂರು ಪ್ರಮಿಯೆ ಕ್ರುಗಳು ಗ್ರಾಂ ಕ್ರುಗಳ ಪಕ್ಕದಲ್ಲಿ ನಿಲ್ಲಬಲ್ಲವು. ಪೆರಿಯೇರ್ ಎಂಬ ಹೆಸರು ಅಲ್ಲಿದ್ದ ಕಲ್ಲುಗಣಿಯಿಂದ ಬಂದದ್ದು, ಅದರ ವೈನಿನಲ್ಲಿ ಬಿಗಿಯೂ ಹೆಚ್ಚು. ಮೊರ್ಸೋ ಸಾಮಾನ್ಯವಾಗಿ ತುಂಬಿಕೊಂಡ, ಮೈಕಟ್ಟಿನ ವೈನ್. ಹುರಿದ ಹೇಜಲ್‌ನಟ್, ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ಮನೆ ತುಂಬುವ ಘಮ, ಮಾಗಿದ ಮರಸೇಬು ಅದರಲ್ಲಿ ಸಿಗುತ್ತವೆ. ಪುಲಿನ್ಯಿ ಅದಕ್ಕಿಂತ ತೆಳ್ಳಗಿನದು, ಹೂವಿನ ಪರಿಮಳದ್ದು, ನೆಟ್ಟಗೆ ನಿಂತಂಥದ್ದು. ಪುಲಿನ್ಯಿಯಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಆಳವಾದ ನೆಲಮಾಳಿಗೆಗಳು ಅಪರೂಪ. ಮೊರ್ಸೋದ ನೆಲಮಾಳಿಗೆಗಳು ಆಳವಾಗಿದ್ದು ತಂಪಾಗಿರುವುದರಿಂದ ಅಲ್ಲಿ ವೈನನ್ನು ಪೀಪಾಯಿಯಲ್ಲಿ ಹೆಚ್ಚು ಕಾಲ ಬಿಡುವ ರೂಢಿ ಬೆಳೆಯಿತು.

ಪುಲಿನ್ಯಿಯ ಇಳಿಜಾರನ್ನು ಮೇಲಿನಿಂದ ಕೆಳಗೆ ನಡೆದಂತೆ ಕಲ್ಪಿಸಿಕೊಂಡರೆ ಇಡೀ ಬರ್ಗಂಡಿಯ ತರ್ಕ ತಿಳಿಯುತ್ತದೆ. ಮೇಲ್ಭಾಗದಲ್ಲಿ ಮಣ್ಣಿನ ಪದರ ತೀರ ತೆಳು, ಕಲ್ಲೇ ಹೆಚ್ಚು; ಅಲ್ಲಿರುವುದು ಶವಾಲಿಯೆ-ಮೊಂರಾಶೆ ಎಂಬ ಗ್ರಾಂ ಕ್ರು ತೋಟ, ವೈನ್ ಸೂಕ್ಷ್ಮ ಮತ್ತು ಬಿಗಿ. ನಡುವೆ ಮೊಂರಾಶೆ, ಅಲ್ಲಿ ಸುಣ್ಣಕಲ್ಲು, ಜೇಡಿ, ಬಿಸಿಲು ಮತ್ತು ನೀರು ಬಸಿದುಹೋಗುವ ರೀತಿ ನಾಲ್ಕೂ ಹೊಂದಿಕೊಂಡಿವೆ. ಒಂದು ಕಿರುದಾರಿ ದಾಟಿ ಕೆಳಗಿಳಿದರೆ ಬಾತಾರ್-ಮೊಂರಾಶೆ ಎಂಬ ಇನ್ನೊಂದು ಗ್ರಾಂ ಕ್ರು. ಮಣ್ಣು ದಪ್ಪ, ಜೇಡಿ ಹೆಚ್ಚು, ವೈನೂ ಭಾರ. ಇನ್ನೂ ಕೆಳಗೆ ನೆಲ ಸಮತಟ್ಟಾಗಿ ನೀರು ನಿಲ್ಲುವಲ್ಲಿ ಊರುಮಟ್ಟದ ವೈನ್‌ಗಳು, ಅದಕ್ಕೂ ಕೆಳಗೆ ಬರೀ ‘ಬೂರ್ಗೋನ್ಯ್’. ಇಷ್ಟೆಲ್ಲ ದಾಟಲು ಕಾಲ್ನಡಿಗೆಯಲ್ಲಿ ಕೆಲವೇ ನಿಮಿಷಗಳು ಸಾಕು.

ಮೂರನೆಯ ಹೆಜ್ಜೆ: ನೆಲಮಾಳಿಗೆಯಲ್ಲಿ ಏನು ನಡೆದಿದೆ ಎಂದು ತಿಳಿದುಕೊಳ್ಳಿ

ನೀವು ಗ್ಲಾಸಿನಲ್ಲಿ ಗುರುತಿಸುವ ಗಂಧಗಳಲ್ಲಿ ಕೆಲವು ತೋಟದವು, ಕೆಲವು ಕೈಕೆಲಸದವು. ಎರಡನ್ನೂ ಬೇರ್ಪಡಿಸಲು ಮೂರು ಸಂಗತಿಗಳನ್ನು ನೆನಪಿಡಿ. ದ್ರಾಕ್ಷಿಯಲ್ಲಿರುವ ಹಸಿರು ಸೇಬಿನಂಥ ಚುರುಕಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತವೆ. ಮೊಸರಿನ ಹುಳಿಯೂ ಇದೇ ಆಮ್ಲದ್ದು. ಆಗ ಹುಟ್ಟುವ ಡೈಅಸಿಟೈಲ್ ಎಂಬ ವಸ್ತುವೇ ಬೆಣ್ಣೆಯ ಘಮಕ್ಕೆ ಕಾರಣ. ಎರಡನೆಯದು, 228 ಲೀಟರಿನ ಓಕ್ ಪೀಪಾಯಿ: ಹೊಸದಾಗಿದ್ದರೆ ವೆನಿಲಾ, ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತದೆ, ಹಳೆಯದಾದಂತೆ ಅದು ಕಡಿಮೆಯಾಗುತ್ತದೆ. ಮೂರನೆಯದು, ಹುದುಗಿನ ನಂತರ ತಳದಲ್ಲಿ ಕೂರುವ ಗಸಿ. ಅದರ ಮೇಲೆ ವೈನನ್ನು ತಿಂಗಳುಗಟ್ಟಲೆ ಬಿಟ್ಟು, ಆಗಾಗ ಕೋಲಿನಿಂದ ಕದಡಿದರೆ ಬಾಯಲ್ಲಿ ನುಣುಪು ಮತ್ತು ತೂಕ ಬರುತ್ತವೆ.

ಒಳ್ಳೆಯ ವೈನಿನಲ್ಲಿ ಇವೆಲ್ಲ ಹಿನ್ನೆಲೆಯಲ್ಲಿರುತ್ತವೆ. ವೆನಿಲಾ ಮತ್ತು ಬೆಣ್ಣೆ ಮಾತ್ರ ಎದ್ದುಕಂಡು ಹಣ್ಣೂ ಹುಳಿಯೂ ಸಿಗದಿದ್ದರೆ, ಬೆಲೆ ಎಷ್ಟೇ ಇರಲಿ, ಅದನ್ನು ಶ್ರೇಷ್ಠ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಾಲ್ಕನೆಯ ಹೆಜ್ಜೆ: ವರ್ಷ ನೋಡಿ, ಎರಡು ಬಾಟಲಿ ಆರಿಸಿ

ಇಲ್ಲಿ ವರ್ಷಕ್ಕೆ ಬೆಲೆ ಬರುವುದು ಹವಾಮಾನದಿಂದ. ಏಪ್ರಿಲ್‌ನಲ್ಲಿ ಚಿಗುರೊಡೆದ ಮೇಲೆ ರಾತ್ರಿ ಹಿಮಗಟ್ಟಿದರೆ ಆ ವರ್ಷದ ಫಸಲು ಕರಗಿಹೋಗುತ್ತದೆ. 2016ರಲ್ಲಿ ಮತ್ತು 2021ರಲ್ಲಿ ಹಾಗಾಯಿತು. ಬೆಳೆಗಾರರು ಸಾಲುಗಳ ನಡುವೆ ಪ್ಯಾರಾಫಿನ್ ಮೇಣದ ಡಬ್ಬಗಳನ್ನು ಹೊತ್ತಿಸುತ್ತಾರೆ. ಶಾಬ್ಲಿಯಲ್ಲಿ ಬಳ್ಳಿಗಳ ಮೇಲೆ ನೀರು ಸಿಂಪಡಿಸುವ ಪದ್ಧತಿಯೂ ಇದೆ: ನೀರು ಮಂಜುಗಡ್ಡೆಯಾಗುವಾಗ ಬಿಡುವ ಶಾಖವು ಒಳಗಿನ ಚಿಗುರನ್ನು ಶೂನ್ಯ ಡಿಗ್ರಿಗಿಂತ ತೀರ ಕೆಳಗಿಳಿಯದಂತೆ ಕಾಯುತ್ತದೆ. ಬಿಳಿ ವೈನಿನ ಮಟ್ಟಿಗೆ 2014, 2017 ಮತ್ತು 2020 ಸಮತೋಲದ ವರ್ಷಗಳು. 2018 ಮತ್ತು 2022 ಬಿಸಿ ವರ್ಷಗಳಾದ್ದರಿಂದ ವೈನ್‌ಗಳು ಹೆಚ್ಚು ಮಾಗಿದ ಹಣ್ಣಿನ ರುಚಿಯವು.

ಮೊದಲ ಸಲಕ್ಕೆ ನನ್ನ ಸಲಹೆ ಇದು: ಒಂದು ಶಾಬ್ಲಿ, ಒಂದು ಮೊರ್ಸೋ, ಸಾಧ್ಯವಾದರೆ ಒಂದೇ ವರ್ಷದವು. ಮೊರ್ಸೋ ದುಬಾರಿ ಎನಿಸಿದರೆ ಅದರ ಬದಲು ದಕ್ಷಿಣದ ಮಾಕೊನೆ ಭಾಗದ ಪುಯಿ-ಫ್ವಿಸೆ ತೆಗೆದುಕೊಳ್ಳಿ. ಅಲ್ಲಿಯ 22 ತಾಕುಗಳಿಗೆ 2020ರ ಫಸಲಿನಿಂದ ಪ್ರಮಿಯೆ ಕ್ರು ಮಾನ್ಯತೆ ಸಿಕ್ಕಿದೆ. ನಾಲ್ಕೈದು ಜನ ಸೇರಿ ಖರ್ಚು ಹಂಚಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ 750 ಮಿ.ಲೀ. ಬಾಟಲಿಯಿಂದ ರುಚಿ ನೋಡುವ ಅಳತೆಯ ಹತ್ತಕ್ಕೂ ಹೆಚ್ಚು ಗ್ಲಾಸ್ ಆಗುತ್ತವೆ. ಮಳಿಗೆಯಲ್ಲಿ ಬಾಟಲಿಯನ್ನು ಬಿಸಿಲು ಬೀಳುವ ಕಪಾಟಿನಲ್ಲಿಟ್ಟಿದ್ದರೆ, ಅಥವಾ ಬಿರಡೆ ಮೇಲಕ್ಕೆ ಉಬ್ಬಿ ಬಂದಿದ್ದರೆ ಅದನ್ನು ಕೊಳ್ಳಬೇಡಿ.

ಐದನೆಯ ಹೆಜ್ಜೆ: ತಂಪು ಸರಿಯಾಗಿರಲಿ

ಈ ಒಂದು ಹೆಜ್ಜೆ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಮನೆಯ ಫ್ರಿಜ್ಜಿನ ಒಳಗೆ 4ರಿಂದ 5 ಡಿಗ್ರಿ ಇರುತ್ತದೆ. ಆ ತಂಪಿನಲ್ಲಿ ಗಂಧದ ಕಣಗಳು ಗ್ಲಾಸಿನಿಂದ ಮೇಲೇಳುವುದೇ ಇಲ್ಲ, ಹುಳಿ ಮಾತ್ರ ಚುಚ್ಚುತ್ತದೆ. ಊರುಮಟ್ಟದ ಶಾಬ್ಲಿಗೆ 9ರಿಂದ 10 ಡಿಗ್ರಿ, ಮೊರ್ಸೋ ಮತ್ತು ಪುಲಿನ್ಯಿಗೆ 12ರ ಆಸುಪಾಸು, ಗ್ರಾಂ ಕ್ರುಗೆ 13 ಡಿಗ್ರಿಯವರೆಗೆ ಹೊಂದುತ್ತದೆ. ಅಂದರೆ ಶಾಬ್ಲಿಯನ್ನು ಸುರಿಯುವ ಕಾಲು ಗಂಟೆ ಮೊದಲು, ಮೊರ್ಸೋವನ್ನು ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ಹೊರಗಿಡಬೇಕು. ಬೇಸಗೆಯ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಈ ಅವಧಿ ಅರ್ಧಕ್ಕಿಳಿಯುತ್ತದೆ, ಮತ್ತು ಗ್ಲಾಸಿಗೆ ಸುರಿದ ವೈನ್ ಬೇಗ ಬೆಚ್ಚಗಾಗುವುದರಿಂದ ಸ್ವಲ್ಪ ಸ್ವಲ್ಪವೇ ಸುರಿಯಬೇಕಾಗುತ್ತದೆ. ತುರ್ತಿದ್ದರೆ ಬಾಟಲಿಯನ್ನು ಬರೀ ಐಸ್‌ನಲ್ಲಿ ಹೂಳುವ ಬದಲು ಐಸ್ ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ ಮುಳುಗಿಸಿ. ನೀರು ಗಾಜನ್ನು ಎಲ್ಲೆಡೆ ತಾಗುವುದರಿಂದ ಬೇಗ ತಣಿಯುತ್ತದೆ. ಗ್ಲಾಸಿಗೆ ಮಾತ್ರ ಐಸ್ ಹಾಕಬೇಡಿ.

ಆರನೆಯ ಹೆಜ್ಜೆ: ತೆರೆದು, ನೋಡಿ, ಮೂಸಿ, ಸವಿಯಿರಿ

ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ಕಾಂಡದ ಗ್ಲಾಸ್ ತೆಗೆದುಕೊಂಡು ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಶಾಬ್ಲಿ ಎಡಕ್ಕೆ, ಮೊರ್ಸೋ ಬಲಕ್ಕೆ ಇರಲಿ. ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನೋಡಿದರೆ ಶಾಬ್ಲಿ ಹಸಿರು ಛಾಯೆಯ ತಿಳಿ ಹುಲ್ಲಿನ ಬಣ್ಣದ್ದು, ಮೊರ್ಸೋ ಹೊನ್ನಿನ ಬಣ್ಣಕ್ಕೆ ಹತ್ತಿರ. ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಗಾಬರಿ ಬೇಡ, ಅವು ತಂಪಿಗೆ ಹರಳುಗಟ್ಟಿದ ಟಾರ್ಟ್ರೇಟ್ ಲವಣಗಳು.

ಮೂಸುವಾಗ ಮೊದಲು ಗ್ಲಾಸನ್ನು ಅಲುಗಿಸದೆ, ಅನಂತರ ಮೆಲ್ಲನೆ ಸುತ್ತಾಡಿಸಿ. ಎಡದ ಗ್ಲಾಸಿನಿಂದ ಬಲದ ಗ್ಲಾಸಿಗೆ, ಮತ್ತೆ ಎಡಕ್ಕೆ, ಹೀಗೆ ನಾಲ್ಕೈದು ಸಲ ಹೋಗಿಬನ್ನಿ. ಒಂದೇ ಗ್ಲಾಸಿದ್ದಾಗ ‘ಚೆನ್ನಾಗಿದೆ’ ಎನ್ನುವುದರ ಆಚೆಗೆ ಮಾತು ಹೊರಡದವರಿಗೂ ಎರಡು ಗ್ಲಾಸುಗಳ ನಡುವೆ ‘ಇದು ಹೆಚ್ಚು ಹುಳಿ, ಅದು ಹೆಚ್ಚು ನುಣುಪು’ ಎಂಬ ಮಾತು ತಾನಾಗಿಯೇ ಬರುತ್ತದೆ. ನಿಮಗೆ ಗೊತ್ತಿರುವ ವಾಸನೆಗಳ ಹೆಸರನ್ನೇ ಬಳಸಿ. ಚಕ್ಕೋತ ಎನಿಸಿದರೆ ಚಕ್ಕೋತ ಎನ್ನಿ. ಕಂಡರಿಯದ ಫ್ರೆಂಚ್ ಹೂವಿನ ಹೆಸರು ಯಾರಿಗೂ ಬೇಕಾಗಿಲ್ಲ.

ಒಂದು ಸಣ್ಣ ಗುಟುಕನ್ನು ಬಾಯಿ ತುಂಬ ಆಡಿಸಿ, ತುಟಿಯ ಸಂದಿನಿಂದ ತುಸು ಗಾಳಿ ಎಳೆದುಕೊಳ್ಳಿ. ಕೆಂಪು ವೈನಿನ ಒಗರು ಇದರಲ್ಲಿ ಹೆಚ್ಚುಕಡಿಮೆ ಇಲ್ಲ. ಇದನ್ನು ನಿಲ್ಲಿಸುವುದು ಹುಳಿ. ನುಂಗಿದ ಮೇಲೆ ಕೆನ್ನೆಯ ಒಳಬದಿಯಲ್ಲಿ, ಹುಣಸೆ ನೆನೆದಾಗ ಆಗುವಂತೆ, ನೀರೂರುತ್ತದೆಯೇ ಎಂದು ಗಮನಿಸಿ. ಊರಿದರೆ ವೈನಿಗೆ ಬೆನ್ನೆಲುಬಿದೆ ಎಂದರ್ಥ. ಅನಂತರ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಎಣಿಸಿ. ಫ್ರೆಂಚರು ಈ ಒಂದೊಂದು ಸೆಕೆಂಡಿಗೂ ‘ಕೋದಾಲಿ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಒಂದು ವೈನ್ ಐದು ಸೆಕೆಂಡಿಗೇ ಅಳಿದರೆ, ಶ್ರೇಷ್ಠವಾದದ್ದು ಹದಿನೈದು ಸೆಕೆಂಡಿಗೂ ಹೆಚ್ಚು ಕಾಲ, ಅದೂ ಬದಲಾಗುತ್ತ, ಬಾಯಲ್ಲಿ ಉಳಿಯುತ್ತದೆ. ಇವುಗಳಲ್ಲಿ ಶೇಕಡಾ 12.5ರಿಂದ 13.5ರಷ್ಟು ಆಲ್ಕೋಹಾಲ್ ಇರುವುದರಿಂದ ಹಲವು ಬಾಟಲಿಗಳನ್ನು ಹೋಲಿಸುವ ದಿನ ಉಗಿಯಲು ಒಂದು ಪಾತ್ರೆ ಇಟ್ಟುಕೊಳ್ಳಿ. ಬರ್ಗಂಡಿಯ ನೆಲಮಾಳಿಗೆಗಳಲ್ಲಿ ಉಗಿಯುವುದು ಅಸಭ್ಯವಲ್ಲ, ಅದೇ ಶಿಸ್ತು.

ದೋಷವಿರುವ ಬಾಟಲಿಯನ್ನು ಗುರುತಿಸುವುದೂ ಈ ಹಂತದ ಕೆಲಸವೇ. ಒದ್ದೆ ರಟ್ಟಿನ, ಮುಗ್ಗಲು ಹಿಡಿದ ಕೋಣೆಯ ವಾಸನೆ ಬಂದರೆ ಬಿರಡೆ ಕೆಟ್ಟಿದೆ. ಅದು ಗಾಳಿಯಾಡಿದರೂ ಹೋಗುವುದಿಲ್ಲ. ಸುಟ್ಟ ಬೆಂಕಿಕಡ್ಡಿಯ ವಾಸನೆ ಮಾತ್ರ ಇದ್ದರೆ ಕಾಯಿರಿ, ಅರ್ಧ ಗಂಟೆಯಲ್ಲಿ ಅದು ಹಿಂದೆ ಸರಿಯಬಹುದು. ಐದಾರು ವರ್ಷದ ವೈನೇ ಕಂದು ಬಣ್ಣಕ್ಕೆ ತಿರುಗಿ, ಕೊಯ್ದಿಟ್ಟ ಸೇಬಿನಂತೆ ನಾರುತ್ತಿದ್ದರೆ ಅದು ಅಕಾಲಿಕ ಉತ್ಕರ್ಷಣ. 1990ರ ದಶಕದ ನಡುವಿನ ಫಸಲುಗಳಿಂದ ಬರ್ಗಂಡಿಯ ಬಿಳಿ ವೈನ್‌ಗಳನ್ನು ಇದು ಕಾಡಿತು. ಈ ಸೀಮೆಯನ್ನು ಪ್ರೀತಿಸುವವರಿಗೆ ಇದರಷ್ಟು ನೋವು ಕೊಟ್ಟ ಸಂಗತಿ ಇನ್ನೊಂದಿಲ್ಲ. ಆದ್ದರಿಂದ 10ರಿಂದ 13 ಡಿಗ್ರಿಯ ಸ್ಥಿರ ತಂಪಿನ ವ್ಯವಸ್ಥೆ ಇಲ್ಲದವರು ಬಾಟಲಿಗಳನ್ನು ವರ್ಷಗಟ್ಟಲೆ ಕೂಡಿಡಬಾರದು.

ಏಳನೆಯ ಹೆಜ್ಜೆ: ಊಟದ ಜೊತೆಗೆ

ಶಾಬ್ಲಿಗೆ ಹಸಿ ಸಿಂಪಿ, ಮೊರ್ಸೋಗೆ ಕೆನೆಯಲ್ಲಿ ಬೇಯಿಸಿದ ಬ್ರೆಸ್ ಸೀಮೆಯ ಕೋಳಿ, ಎರಡಕ್ಕೂ ಕೊಂತೆ ಚೀಸ್: ಅಲ್ಲಿಯ ಹೊಂದಾಣಿಕೆಗಳು ಇವು. ನಮ್ಮ ಅಡುಗೆಯಲ್ಲಿ ಖಾರ ಮತ್ತು ಹುಣಸೆ ಹುಳಿ ಎರಡೂ ಈ ವೈನಿಗೆ ಶತ್ರುಗಳು. ಖಾರ ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ, ಹುಣಸೆ ವೈನನ್ನು ಸಪ್ಪೆಯಾಗಿಸುತ್ತದೆ. ಉಪ್ಪು, ಕಾಳುಮೆಣಸು ಮಾತ್ರ ಹಾಕಿ ಬೆಣ್ಣೆಯಲ್ಲಿ ಕಾಯಿಸಿದ ಕಾಣೆ ಮೀನು ಶಾಬ್ಲಿಗೂ, ತೆಂಗಿನ ಹಾಲಿನ ತೆಳು ಸಾರಿನಲ್ಲಿ ಬೇಯಿಸಿದ ಸಿಗಡಿ ಮೊರ್ಸೋಗೂ ಚೆನ್ನಾಗಿ ಒಗ್ಗುತ್ತವೆ.

ಕೊನೆಯ ಹೆಜ್ಜೆ: ಮರುದಿನಕ್ಕೆ ಒಂದಿಷ್ಟು ಉಳಿಸಿ

ಎರಡೂ ಬಾಟಲಿಗಳಲ್ಲಿ ಕಾಲು ಭಾಗ ಉಳಿಸಿ, ಸಾಧ್ಯವಾದರೆ ಚಿಕ್ಕ ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಅದೇ ತಂಪಿಗೆ ತಂದು, ಹಿಂದಿನ ದಿನ ಬರೆದಿಟ್ಟ ಟಿಪ್ಪಣಿಯನ್ನು ಎದುರಿಗಿಟ್ಟುಕೊಂಡು ಮತ್ತೆ ಸವಿಯಿರಿ. ಸಾಧಾರಣ ವೈನ್ ರಾತ್ರಿ ಕಳೆಯುವಷ್ಟರಲ್ಲಿ ಸೋತಿರುತ್ತದೆ. ಒಳ್ಳೆಯ ಪ್ರಮಿಯೆ ಕ್ರು, ವಿಶೇಷವಾಗಿ ಎಳೆಯದು, ಮೊದಲ ದಿನ ಬಿಗಿಹಿಡಿದಿದ್ದ ಪರಿಮಳವನ್ನು ಎರಡನೆಯ ದಿನ ಬಿಚ್ಚುವುದುಂಟು. ಹಾಗೆ ಬಿಚ್ಚಿದ್ದು ಮೊರ್ಸೋ ಆಗಿದ್ದರೆ ಮುಂದಿನ ಜೋಡಿಗೆ ಅದರ ಪಕ್ಕದ ಪುಲಿನ್ಯಿಯನ್ನು ಇಡಿ. ಶಾಬ್ಲಿ ಆಗಿದ್ದರೆ, ಮೊಂರಾಶೆ ಗುಡ್ಡದ ಮರೆಯಲ್ಲಿರುವ ಸೇಂತ್-ಓಬೆಂ ಊರಿನ ‘ಆಂ ರಮಿಯಿ’ ತಾಕಿನ ಬಾಟಲಿಯನ್ನು ಹುಡುಕಿ. ಅದರ ಬಳ್ಳಿಗಳು ಶವಾಲಿಯೆ-ಮೊಂರಾಶೆಯ ಅಂಚಿಗೇ ಬಂದು ನಿಲ್ಲುತ್ತವೆ, ಬೆಲೆ ಮಾತ್ರ ಅದರ ಒಂದು ಸಣ್ಣ ಪಾಲು.